ಅಕ್ಕ ಎಣಿಸಿದ ಹತ್ತು

"ನಿನಗೆ ಎಣಿಸೋಕೆ ಬರುತ್ತೇನಯ್ಯಾ?"

ಅಕ್ಕ ತೀರಿಕೊಂಡ ಮೇಲೆ ಭಾವ ಮೊದಲ ಸಲ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಮುಟ್ಟದೆ ಕೇಳಿದ ಪ್ರಶ್ನೆ ಇದು. ನಾನು ವಿಮಾ ಕಚೇರಿಯಲ್ಲಿ ಲೆಕ್ಕ ಬರೆದು ಕೂದಲು ಉದುರಿಸಿಕೊಂಡವನು. ಎಣಿಸುವುದೊಂದನ್ನು ಬಿಟ್ಟರೆ ನನಗೆ ಬೇರೇನೂ ಬಾರದು ಎಂದು ನನ್ನ ಹೆಂಡತಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಟ್ಟಿದ್ದಾಳೆ.

"ಎಷ್ಟರ ತನಕ ಭಾವ?"

"ಹತ್ತು."

"ಅಷ್ಟು ಬರುತ್ತೆ. ಕಾನ್ವೆಂಟಲ್ಲಿ ಓದಿದ್ದಕ್ಕೆ ಇಂಗ್ಲಿಷಲ್ಲೂ ಬರುತ್ತೆ."

ಭಾವ ನಗಲಿಲ್ಲ. "ಕನ್ನಡದಲ್ಲೇ ಸಾಕು. ಅವಳು ಕನ್ನಡದಲ್ಲೇ ಎಣಿಸ್ತಿದ್ದಿದ್ದು."

ಭಾವ ಎಂಬ ಶಬ್ದಕ್ಕೆ ಎರಡು ಅರ್ಥವಿದೆ ಎಂದು ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ನಮ್ಮ ಭಾವನನ್ನು ನೋಡಿದವರು ಅದನ್ನು ಒಪ್ಪುವುದಿಲ್ಲ. ಮುಖ ಅಂದರೆ ಕನ್ನಡಕ ಇಟ್ಟುಕೊಳ್ಳುವ ಜಾಗ, ಅಷ್ಟೇ, ಎನ್ನುವ ಹಾಗೆ ಬದುಕಿದವರು ಅವರು. ಆ ಮುಖವೇ ಅವತ್ತು ಹತ್ತು ಎನ್ನುವಾಗ ಒಂದು ಕ್ಷಣ ಎಲ್ಲೋ ಕಳಚಿಕೊಂಡಂತಾಯಿತು. ಹೆಂಡತಿ ಅಡುಗೆಮನೆಗೆ ಎದ್ದು ಹೋದಳು.

ಅವರಿಗೆ ಬೇಕಾಗಿದ್ದುದು ಒಂದೇ ಒಂದು ಚಿತ್ರ. ಅಕ್ಕ ಮತ್ತು ಅವರು ಕಡೆಯ ಸಲ ಒಟ್ಟಿಗೆ ಹೋಗಿದ್ದ ಜಲಪಾತದ್ದು. ಅಂದು ತೆಗೆದ ಒಂದು ಸುರುಳಿ ಫಿಲ್ಮಿನಲ್ಲಿ ಒಂದು ಚಿತ್ರವೂ ನೆಟ್ಟಗೆ ಬಂದಿರಲಿಲ್ಲ. ಎಲ್ಲ ಸುಟ್ಟು ಬೆಳ್ಳಗಾಗಿದ್ದವು. "ಹೋಗ್ಲಿ ಬಿಡಿ, ಮುಂದಿನ ಸಲ ಸರಿಯಾಗಿ ಬರುತ್ತೆ" ಎಂದಿದ್ದಳು ಅಕ್ಕ. ಮುಂದಿನ ಸಲ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಆ ಒಂದು ಚಿತ್ರ ಸರಿಯಾಗಿ ತೆಗೆದು ಕ್ಯಾಮೆರಾ ಮುಚ್ಚಿಟ್ಟುಬಿಡುತ್ತೇನೆ ಎಂದರು ಭಾವ.

ಭಾವನದು ಕನ್ನಡಕದ ಅಂಗಡಿ. ಒಂದು ಕಡೆ ದರ್ಜಿ, ಇನ್ನೊಂದು ಕಡೆ ಬೀಗದ ಕೈ ಮಾಡುವವನು, ನಡುವೆ ಸಂದೂಕದಂಥ ಜಾಗ. ಕಣ್ಣು ಪರೀಕ್ಷೆಗೆ ಬೇಕಾದಷ್ಟು ಉದ್ದ ಅಂಗಡಿಗೆ ಇರಲಿಲ್ಲ. ಹಾಗಾಗಿ ಅಕ್ಷರಗಳ ಹಲಗೆಯನ್ನು ಗಿರಾಕಿಯ ತಲೆಯ ಹಿಂದೆ ನೇತುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುತ್ತಿದ್ದರು. ಹಲಗೆಯ ಮೇಲೆ ಅಕ್ಷರಗಳೆಲ್ಲ ತಿರುಗಾಮುರುಗಾ, ಕನ್ನಡಿಯಲ್ಲಿ ಸರಿ. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತಾ, "ಇದು ಸ್ಪಷ್ಟವಾ, ಇದು ಸ್ಪಷ್ಟವಾ? ಮೊದಲಿಂದಾ, ಈಗಿಂದಾ?" ಎಂದು ಕೇಳುವುದು ಅವರ ದಿನಚರಿ.

ಅಕ್ಕ ಅಲ್ಲಿಗೆ ಹೋಗಿದ್ದು ತಲೆನೋವು ಎಂದು. ಆಗ ಅವಳು ಟೈಪಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಭಾವ ಇಡೀ ಸಂಜೆ ಗಾಜು ಬದಲಿಸಿದರಂತೆ. "ಎರಡೂ ಒಂದೇ ಥರ ಇದೆ ರೀ" ಎಂದರೆ, "ಇನ್ನೊಂದ್ಸಲ ನೋಡಿ" ಎನ್ನುವುದು. ಮನೆಗೆ ಬಂದು ಅಕ್ಕ ಅಮ್ಮನಿಗೆ ವರದಿ ಒಪ್ಪಿಸಿದಳು: "ನನ್ನ ಕಣ್ಣಿಗೇನೂ ಆಗಿಲ್ವಂತೆ. ಆ ಮನುಷ್ಯನಿಗೇ ಏನೋ ಆಗಿದೆ." ಮುಂದಿನ ವರ್ಷ ಮದುವೆಯಾಯಿತು.

ಶಾಲೆಯಲ್ಲಿ ನನಗೆ ಸಿಸ್ಟರ್‌ಗಳೆಂದರೆ ಹೆದರಿಕೆ. ಮನೆಗೆ ಬಂದರೆ ಸ್ವಂತ ಸಿಸ್ಟರ್. ಟೈಪಿಂಗ್ ತರಗತಿಯಲ್ಲಿ ಅಕ್ಕ ಮರದ ಅಡಿಪಟ್ಟಿಯಿಂದ ಮೇಜು ಕುಟ್ಟುತ್ತಾ ಎಣಿಸುತ್ತಿದ್ದಳು, ಒಂದು, ಎರಡು, ಮೂರು. ಒಂದೊಂದು ಏಟಿಗೆ ಒಂದೊಂದು ಅಕ್ಷರ. ಮೂವತ್ತು ಯಂತ್ರಗಳು ಒಂದೇ ಯಂತ್ರದಂತೆ ಬಡಿದುಕೊಳ್ಳುತ್ತಿದ್ದವು. ಅಡಿಪಟ್ಟಿ ಎಷ್ಟು ಹೊತ್ತಾದರೂ ಓಡುತ್ತಿರಲಿಲ್ಲ, ನಿಧಾನವಾಗುತ್ತಿರಲಿಲ್ಲ. ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರು, "ನಿಮ್ಮ ತರಗತಿ ಇರೋ ಹೊತ್ತಲ್ಲಿ ನನ್ನ ಕೈ ನಡುಗಲ್ಲ ಮೇಡಂ" ಎಂದು ಹೇಳಿ ಕಳಿಸಿದ್ದರಂತೆ. ಇದನ್ನು ಹೇಳಿದ್ದು ಅಕ್ಕನೇ ಆದ್ದರಿಂದ ಅರ್ಧ ನಂಬಬಹುದು.

ಭಾವನಿಗೆ ಜಲಪಾತದ ಹುಚ್ಚು ಎಲ್ಲಿಂದ ಹಿಡಿಯಿತೋ ಗೊತ್ತಿಲ್ಲ. ರಜೆ ಸಿಕ್ಕಿತೆಂದರೆ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿ, ಬಸ್ಸೋ ರೈಲೋ ಹಿಡಿದು, ಎಲ್ಲೆಲ್ಲಿ ನೀರು ಮೇಲಿಂದ ಬೀಳುತ್ತದೋ ಅಲ್ಲಲ್ಲಿಗೆ ಇಬ್ಬರೂ ಹೊರಡುತ್ತಿದ್ದರು. ಹೆಗಲಲ್ಲಿ ಹಳೇ ಕ್ಯಾಮೆರಾ, ಹಳೇ ಹೊದಿಕೆಯಲ್ಲಿ ಸುತ್ತಿದ, ಕ್ಯಾಮೆರಾ ಕೂರಿಸುವ ಮುಕ್ಕಾಲಿ. ಅವರಿಗೆ ಮಕ್ಕಳಿರಲಿಲ್ಲ. ರೈಲಿನಲ್ಲಿ ಇಬ್ಬರ ನಡುವೆ ಮಲಗಿಸಿದ ಆ ಗಂಟನ್ನು ನೋಡಿ ಯಾರಾದರೂ "ಮಗೂನಾ?" ಎಂದರೆ, ಅಕ್ಕ, "ಹೌದು, ಮೂರು ಕಾಲಿಂದು, ಅದಕ್ಕೇ ಹೊದಿಸಿದ್ದೀವಿ" ಎನ್ನುತ್ತಿದ್ದಳು. ಕೇಳಿದವರು ಮುಂದಿನ ನಿಲ್ದಾಣದ ತನಕ ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ನಗುತ್ತಿದ್ದಳೆಂದೇ ನಾನು ತಿಳಿದುಕೊಂಡಿದ್ದೇನೆ.

ಎಲ್ಲರೂ ತೆಗೆಯುವಂತೆ ಭಾವ ಚಿತ್ರ ತೆಗೆಯುತ್ತಿರಲಿಲ್ಲ. ನಾವು ನೀವು ಕ್ಲಿಕ್ ಎನ್ನಿಸಿದರೆ ನೀರು ಒಡೆದ ಗಾಜಿನ ಚೂರಿನಂತೆ ಗಾಳಿಯಲ್ಲಿ ನಿಂತುಬಿಡುತ್ತದೆ. ಭಾವ ಮಸೂರದ ಮುಂದೆ ಕಪ್ಪು ಗಾಜು ಹಾಕಿ, ಬೆಳಕು ಒಸರಿ ಒಸರಿ ಒಳಗೆ ಬರುವ ಹಾಗೆ ಮಾಡಿ, ಕ್ಯಾಮೆರಾದ ಬಾಗಿಲನ್ನು ಬಹಳ ಹೊತ್ತು ತೆರೆದಿಡುತ್ತಿದ್ದರು. ಅಷ್ಟು ಹೊತ್ತೂ ಅಲುಗಾಡದೆ ನಿಂತ ಬಂಡೆ, ಮರ ಇದ್ದ ಹಾಗೇ ಬರುತ್ತಿದ್ದವು. ಓಡುವ ನೀರು ಮಾತ್ರ ಒಂದರ ಮೇಲೊಂದು ಬಿದ್ದು, ಹರಿದು, ಕಾಸಿ ಇಳಿಸಿದ ಹಾಲಿನಂತೆ ಆಗುತ್ತಿತ್ತು. ನೆಂಟರ ನಡುವೆ ಅವರ ಹೆಸರೇ ಹಾಲುಭಾವ. ಊರಲ್ಲಿ ಹಾಲಿಗೆ ನೀರು ಬೆರೆಸುವವರು ಬೇಕಾದಷ್ಟು ಜನ ಇದ್ದರು. ನೀರನ್ನೇ ಹಾಲು ಮಾಡುವವರು ಇವರೊಬ್ಬರೇ.

ಅವರ ಕ್ಯಾಮೆರಾದ ತಿರುಪು ಒಂದು ಸೆಕೆಂಡಿಗೇ ಮುಗಿದುಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ಬೇಕೆಂದರೆ ಒಂದು ತಂತಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು, ಬಿಟ್ಟಾಗ ಮುಚ್ಚುತ್ತದೆ. ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈಯಲ್ಲಿ ಕ್ಯಾಮೆರಾಕ್ಕೆ ಹನಿ ಸಿಡಿಯದಂತೆ ಕೊಡೆ. ಗಡಿಯಾರ ನೋಡಲು ಮೂರನೇ ಕೈ ಎಲ್ಲಿಂದ ಬರಬೇಕು? ಅದಕ್ಕೇ ಅಕ್ಕ. ಪಕ್ಕದಲ್ಲಿ ನಿಂತು, ನೀರಿನ ಅಬ್ಬರದ ಮೇಲೆ ಕೇಳುವ ಹಾಗೆ, ತರಗತಿಯ ದನಿಯಲ್ಲಿ ಒಂದರಿಂದ ಹತ್ತರವರೆಗೆ ಎಣಿಸುತ್ತಿದ್ದಳು. ಹತ್ತು ಎಂದಾಗ ಭಾವ ಹೆಬ್ಬೆರಳು ಎತ್ತುತ್ತಿದ್ದರು. ಅವಳ ಹತ್ತು, ಗೋಡೆ ಗಡಿಯಾರದ ಹತ್ತು ಸೆಕೆಂಡು, ಎರಡೂ ಒಂದೇ ಎಂದು ಮದುವೆಯಾದ ಹೊಸತರಲ್ಲಿ ಭಾವ ಪರೀಕ್ಷೆ ಮಾಡಿಯೇ ನೋಡಿದ್ದರು. ಒಂದು ಸಲ ಪರೀಕ್ಷೆ ಮಾಡಿದ್ದು ಜನ್ಮಕ್ಕೆ ಸಾಕು ಎಂಬುದು ಅವರ ಸ್ವಭಾವ. ಕನ್ನಡಕದ ನಂಬರು ವರ್ಷಕ್ಕೊಮ್ಮೆ ಬದಲಾಗುತ್ತದೆ ಎಂದು ಗಿರಾಕಿಗಳಿಗೆ ಮಾತ್ರ ಹೇಳುತ್ತಿದ್ದರು.

ಬಂದ ಚಿತ್ರಗಳೆಲ್ಲ ಸ್ಲೈಡುಗಳು, ಬೆಳಕು ಹಾಯಿಸಿ ನೋಡುವಂಥವು. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಪರದೆ ಎಳೆದು, ಗೋಡೆಗೆ ಬಿಳಿ ಬಟ್ಟೆ ಕಟ್ಟಿ ನೆಂಟರಿಗೆ ಪ್ರದರ್ಶನ. ಜಲಪಾತ ಶುರುವಾದ ಐದು ನಿಮಿಷಕ್ಕೆ ಎಲ್ಲ ಕಡೆ ನಿದ್ರಾಪಾತ. ಚಿತ್ರದಲ್ಲಿ ನೀರಿನ ಸದ್ದಿಲ್ಲ ಎಂಬ ಕೊರತೆಯನ್ನು ನಮ್ಮ ದೊಡ್ಡಪ್ಪನ ಗೊರಕೆ ನೀಗಿಸುತ್ತಿತ್ತು. ಎಚ್ಚರವಿದ್ದವರನ್ನು ಅಕ್ಕ ಹಿಡಿದಿಡುತ್ತಿದ್ದಳು. "ಇಲ್ಲೇ ನೋಡಿ, ಇವರು ಜಾರಿ ಬಿದ್ದಿದ್ದು. ಕ್ಯಾಮೆರಾ ಮೇಲೆತ್ತಿ ಹಿಡ್ಕೊಂಡು ತಾವು ಮುಳುಗಿದ್ರು. ನಾನು ಯಾರನ್ನ ಹಿಡ್ಕೊಳ್ಳಲಿ ಅಂತ ಯೋಚ್ನೆ ಮಾಡ್ತಾ ನಿಂತೆ."

ಒಂದು ಸಲ ನನ್ನ ಮಗಳು, "ಮಾವ, ಇದೆಲ್ಲ ಈಗ ಫೋನಲ್ಲೇ ಆಗುತ್ತೆ. ಎಣಿಸೋದೂ ಅದೇ ಎಣಿಸುತ್ತೆ" ಎಂದಳು.

ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಅಯ್ಯೋ, ಹಾಗಾದ್ರೆ ನನ್ನನ್ನ ಯಾಕೆ ಕರ್ಕೊಂಡು ಹೋಗ್ತಾರೆ? ಸುಮ್ನಿರೇ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ."

ಕಡೆಯ ನಾಲ್ಕಾರು ವರ್ಷದಲ್ಲಿ ಸ್ಲೈಡುಗಳು ಬೆಳ್ಳಗಾಗತೊಡಗಿದವು. ಮೊದಮೊದಲು ಹಾಲಿನ ಮೇಲೆ ಸ್ವಲ್ಪ ಹೆಚ್ಚು ಬೆಳಕು ಬಿದ್ದಂತೆ. ಆಮೇಲೆ ಬಂಡೆಗಳೂ ಪೇಲವ. ಕೊನೆಗೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ಭಾವನೇ ಎದ್ದು ಹೋಗಿ ಬಟ್ಟೆಯ ಮೇಲೆ ಬೆರಳಿಟ್ಟು ತೋರಿಸಬೇಕಾಗುತ್ತಿತ್ತು. "ವಯಸ್ಸಾದ ಮೇಲೆ ಬೆಳ್ಳಗಾಗೋದು ಸಹಜ ಅಲ್ವಾ ಭಾವ?" ಎಂದೆ ನಾನು. ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕು, ಕೆಮ್ಮಿ, ನೀರು ಕುಡಿಯಲು ಒಳಗೆ ಹೋದಳು.

ಕ್ಯಾಮೆರಾದ ಬಾಗಿಲು ಮುಚ್ಚುವಾಗ ಎಲ್ಲೋ ಅಂಟಿಕೊಳ್ಳುತ್ತಿದೆ, ಅದಕ್ಕೇ ಬೆಳಕು ಹೆಚ್ಚು ಒಳಗೆ ಬರುತ್ತಿದೆ ಎಂದು ಭಾವನ ತೀರ್ಮಾನ. ಕೈಗಡಿಯಾರದ ಅಂಗಡಿಯ ಮೇಲಿನ ಅಟ್ಟದಲ್ಲಿ ಒಬ್ಬ ಕ್ಯಾಮೆರಾ ರಿಪೇರಿಯವನಿದ್ದ. ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವವನು.

"ಸಾರ್, ಇದು ಸರಿಯಾಗೇ ಇದೆ."

"ಸರಿಯಾಗಿ ನೋಡಯ್ಯಾ."

"ನೋಡ್ದೆ ಸಾರ್. ಒಳ್ಳೇ ಮುದ್ದಾಗಿ ಮುಚ್ಕೊಳ್ತಾ ಇದೆ."

ಅವನು ಧೂಳು ಹೊಡೆದು ವಾಪಸು ಕೊಡುವನು. ಭಾವ ಮತ್ತೆ ಮುಂದಿನ ವರ್ಷ ಹಾಜರು. ಆಮೇಲೆ ಫಿಲ್ಮಿನ ಮೇಲೆ ಅನುಮಾನ ಬಂತು. ಬೇರೆ ಅಂಗಡಿಯಲ್ಲಿ ಕೊಂಡರು. ತೊಳೆಯುವ ಲ್ಯಾಬಿನ ಮೇಲೆ ಬಂತು, ಲ್ಯಾಬು ಬದಲಾಯಿತು. ಕಪ್ಪು ಗಾಜಿನ ಬಣ್ಣ ಹೋಗಿರಬೇಕೆಂದು ಹೊಸ ಗಾಜು ತರಿಸಿದರು. ಒಂದರ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದನ್ನು ದೊಡ್ಡ ಗುಣವೆನ್ನಬೇಕೋ ದೊಡ್ಡ ತಪ್ಪೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಕ್ಕನ ಶ್ವಾಸಕೋಶ ಹಳೇ ಸ್ಪಂಜಿನಂತೆ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದಾಗ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. "ಎಷ್ಟು ಕಾಲದಿಂದ ಉಸಿರು ಸಾಲ್ತಾ ಇಲ್ಲ?" ಎಂದು ಕೇಳಿದರು. "ಈಗೀಗ" ಎಂದಳು ಅಕ್ಕ. ಡಾಕ್ಟರು ಭಾವನ ಮುಖ ನೋಡಿದರು. "ನನಗೇನೂ ಗೊತ್ತಾಗಿಲ್ಲ" ಎಂದರು ಭಾವ. ಮೊದಲೇ ಬಂದಿದ್ದರೆ ಒಂದಷ್ಟು ವರ್ಷ ತಡೆಯಬಹುದಿತ್ತು ಎಂಬ ಮಾತನ್ನು ಡಾಕ್ಟರು ಯಾಕಾದರೂ ಹೇಳಿದರೋ. ಮಳೆಗಾಲ ಹಿಡಿದು ಜಲಪಾತಗಳು ತುಂಬಿಕೊಳ್ಳುವ ಹೊತ್ತಿಗೆ ಅಕ್ಕ ಹೋದಳು.

ಅಂತೂ ನಾನು ಎಣಿಸುವವನಾಗಿ ಹೊರಟೆ. ಮನೆಯಲ್ಲಿ ಗಡಿಯಾರದ ಎದುರು ನಿಂತು ಅಭ್ಯಾಸ ಮಾಡಿದೆ. ಮಗಳು ನೋಡಿ, "ಅಪ್ಪ ಒಂದನೇ ಕ್ಲಾಸಿಗೆ ವಾಪಸ್ ಸೇರ್ಕೊಂಡ್ರು" ಎಂದಳು. ಬಸ್ಸಿಳಿದು, ಗುಡ್ಡದ ಕಾಲುದಾರಿ ಹತ್ತಿ, ಜಲಪಾತದ ಎದುರಿನ ಅದೇ ಚಪ್ಪಟೆ ಬಂಡೆಯ ಮೇಲೆ ಮುಕ್ಕಾಲಿ ಊರಿದೆವು. ಅದೇ ಕಪ್ಪು ಗಾಜು, ಕಡೆಯ ಸಲ ಇಟ್ಟಿದ್ದ ಅಳತೆಯೇ. ಭಾವ ತಲೆಯಾಡಿಸಿದರು. ನಾನು ಎಣಿಸಿದೆ. ಹತ್ತು ಎಂದೆ. ಹೆಬ್ಬೆರಳು ಎದ್ದಿತು. "ಇದೂ ಬೆಳ್ಳಗೇ ಬರುತ್ತೆ ನೋಡ್ತಿರು" ಎಂದರು ಭಾವ. "ಹಾಳು ಬಾಗಿಲು."

ಲ್ಯಾಬಿನಿಂದ ಸ್ಲೈಡುಗಳು ಬಂದ ದಿನ ನಾನೂ ಅಂಗಡಿಯಲ್ಲಿದ್ದೆ. ಭಾವ ಬೆಳಕಿನ ಪೆಟ್ಟಿಗೆಯ ಮೇಲೆ ಒಂದನ್ನು ಇಟ್ಟು ಬಗ್ಗಿದರು. ನಾನು ಅವರ ಭುಜದ ಮೇಲಿಂದ ಇಣುಕಿದೆ. ಒದ್ದೆ ಕಪ್ಪು ಬಂಡೆ, ಪಾಚಿಯ ಹಸಿರು, ನಡುವೆ ಎಳೆ ಎಳೆಯಾಗಿ ಇಳಿದ ಹಾಲು.

"ಬಂತು ಭಾವ!" ಎಂದು ಕೂಗಿಬಿಟ್ಟೆ. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿದ. "ಏನ್ ಚೆನ್ನಾಗಿ ಬಂದಿದೆ! ನೋಡಿ, ನಾನು ಎಣಿಸಿದ್ದಕ್ಕೆ..."

ಭಾವ ತಲೆ ಎತ್ತಲಿಲ್ಲ. ಬಗ್ಗಿಕೊಂಡೇ, "ಎಣಿಸು" ಎಂದರು.

"ಈಗಲಾ?"

"ಅಲ್ಲಿ ಎಣಿಸಿದ ಹಾಗೇ ಎಣಿಸು."

ಎಣಿಸಿದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ನಾನು ಹತ್ತು ಎನ್ನುವಾಗ ಮುಳ್ಳು ಹತ್ತು ಹೆಜ್ಜೆ ಇಟ್ಟಿತ್ತು. ಅವರು ಎದ್ದು ಒಳಗಿನ ಕಪಾಟಿನಿಂದ ಸ್ಲೈಡಿನ ಡಬ್ಬಿಗಳನ್ನೆಲ್ಲ ತಂದು, ವರ್ಷಕ್ಕೊಂದರಂತೆ ತೆಗೆದು, ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿದರು. ಎಡಗಡೆ ಕಪ್ಪು ಬಂಡೆ. ಬಲಗಡೆಗೆ ಹೋಗುತ್ತಾ ಹೋಗುತ್ತಾ ಎಲ್ಲ ಕರಗಿ, ಕೊನೆಯದು ಖಾಲಿ ಚೌಕಟ್ಟಿನಂತೆ.

"ಕ್ಯಾಮೆರಾಕ್ಕೆ ಏನೂ ಆಗಿರ್ಲಿಲ್ಲ ಕಣಯ್ಯಾ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಡಿಪಟ್ಟಿಯ ಲಯ ತಪ್ಪಿರಲಿಲ್ಲ. ಒಂದು, ಎರಡು, ಮೂರರ ನಡುವಿನ ಅಂತರ ಕೊನೆಯವರೆಗೂ ಸಮನಾಗಿಯೇ ಇತ್ತು. ಅದಕ್ಕೇ ಯಾರಿಗೂ ತಿಳಿಯಲಿಲ್ಲ. ಆದರೆ ಆ ಅಂತರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಬಂದಿತ್ತು. ಮೊದಲು ಒಂದೇ ಉಸಿರಿಗೆ ನಾಲ್ಕೈದು ಎಣಿಸುತ್ತಿದ್ದವಳು, ಕಡೆಕಡೆಗೆ ಒಂದೊಂದಕ್ಕೂ ಒಂದೊಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಅವಳ ಹತ್ತರೊಳಗೆ ಹದಿನೆಂಟೋ ಇಪ್ಪತ್ತೋ ಸೆಕೆಂಡು ಸೇರಿಕೊಂಡಿತ್ತು. ಅಷ್ಟು ಹೊತ್ತೂ ಬಾಗಿಲು ತೆರೆದೇ ಇತ್ತು.

ಭಾವ ಸಾಲಿನ ನಡುವಿನ ಒಂದು ಸ್ಲೈಡಿನ ಮೇಲೆ ಬೆರಳಿಟ್ಟರು. "ಇಲ್ಲಿ ಶುರುವಾಗಿದೆ ನೋಡು. ಡಾಕ್ಟರು ಎಷ್ಟು ಕಾಲದಿಂದ ಅಂತ ಕೇಳಿದ್ರಲ್ಲ. ನಾನು ಗೊತ್ತಿಲ್ಲ ಅಂದೆ. ಇಲ್ಲೇ ಇತ್ತು. ನನ್ನ ಕಪಾಟಲ್ಲೇ ಇತ್ತು." ಬೆರಳು ತೆಗೆಯದೆ ಹೇಳಿದರು: "ಗುಡ್ಡ ಹತ್ತೋವಾಗೆಲ್ಲ ಹಿಂದೆ ಉಳ್ಕೊಳ್ತಿದ್ಲು. 'ನೀವು ಮುಂದೆ ಹೋಗಿ, ಚಪ್ಪಲಿ ಪಟ್ಟಿ ಸರಿ ಮಾಡ್ಕೊಂಡು ಬರ್ತೀನಿ' ಅನ್ನೋಳು. ನಾನು ಬೆಳಕು ಹೋಗುತ್ತೆ ಬೇಗ ಬಾ ಅಂತ ಕೂಗೋನು. ಮೂರು ಜೊತೆ ಹೊಸಾ ಚಪ್ಪಲಿ ಕೊಡಿಸಿದೀನಿ ಕಣೋ. ಕ್ಯಾಮೆರಾನ ರಿಪೇರಿಗೆ ಕರ್ಕೊಂಡು ಹೋದೆ, ವರ್ಷಾ ವರ್ಷಾ. ಅವಳನ್ನ ಕರ್ಕೊಂಡು ಹೋಗ್ಲಿಲ್ಲ."

ಬೆಳ್ಳಗಾಗೋದು ಸಹಜ ಎಂದು ಅವತ್ತು ನಾನು ನಗಿಸಿದ್ದು ನೆನಪಾಯಿತು. ಅಷ್ಟರಲ್ಲಿ ಒಬ್ಬ ಗಿರಾಕಿ ಮುರಿದ ಕನ್ನಡಕ ಹಿಡಿದು ಬಾಗಿಲಲ್ಲಿ ನಿಂತ. ಭಾವ ಎದ್ದು, ಅದನ್ನು ಇಸಿದುಕೊಂಡು, ಸಣ್ಣ ತಿರುಪುಳಿಯಿಂದ ಕಡ್ಡಿ ಕೂರಿಸಿಕೊಟ್ಟು, "ಕಾಣುತ್ತಾ?" ಎಂದು ಕೇಳಿದರು. ಆಮೇಲೆ ಆ ಚೆನ್ನಾದ ಸ್ಲೈಡನ್ನು ನನ್ನ ಜೇಬಿಗೆ ಹಾಕಿದರು. "ಇದು ನಿಂದು. ನೀನು ಎಣಿಸಿದ್ದು. ತೊಗೊಂಡು ಹೋಗು."

ಅದಾದ ಮೇಲೆ ಬಹಳ ದಿನ ಅಂಗಡಿ ತೆರೆಯಲಿಲ್ಲ. ಈ ಸಲ ಬಾಗಿಲಿಗೆ ಚೀಟಿಯೂ ಇರಲಿಲ್ಲ ಎಂದು ಬೀಗದವನು ಫೋನು ಮಾಡಿದ. ನಾನು ಹೋದರೆ ಭಾವ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಎಣಿಸುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಿ, "ಇನ್ನೊಂದ್ಸಲ ಹೋಗೋಣ" ಎಂದರು. "ನೀನು ಎಣಿಸೋದು ಬೇಡ. ಜೊತೆಗೆ ಬಾ, ಅಷ್ಟೇ."

ಎರಡನೇ ಸಲ ಗುಡ್ಡ ಹತ್ತುವಾಗ ಭಾವ ಅಲ್ಲಲ್ಲಿ ನಿಂತರು. ಸುಸ್ತಾಗಿ ಅಲ್ಲ. ಒಂದು ಬಾಗಿದ ಮರದ ಹತ್ತಿರ, ದಾರಿ ತಿರುಗುವ ಒಂದು ಕಲ್ಲಿನ ಹತ್ತಿರ, ಸುಮ್ಮನೆ ಕೂತು, ಯಾರಿಗೋ ಕಾದಂತೆ ಕಾದು, ಏಳುವರು. ಅಕ್ಕ ಚಪ್ಪಲಿ ಸರಿ ಮಾಡಿಕೊಂಡ ಜಾಗಗಳು ಅವೆಲ್ಲ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಬಂಡೆಯ ಮೇಲೆ ಕ್ಯಾಮೆರಾ ಕೂರಿಸಿ, ಮಸೂರದ ಸುತ್ತಲಿನ ಬಳೆಯನ್ನು ಟಕ್ಕೆಂದು ಒಂದು ಮನೆ ತಿರುಗಿಸಿದರು. "ಇದು ಕಣ್ಣಿನ ಪಾಪೆ ಇದ್ದ ಹಾಗೆ. ಚಿಕ್ಕದು ಮಾಡಿದ್ರೆ ಬೆಳಕು ಕಮ್ಮಿ ಬರುತ್ತೆ. ಆಗ ಬಾಗಿಲು ಎರಡರಷ್ಟು ಹೊತ್ತು ತೆಗೆದಿಡಬಹುದು." ಮತ್ತೆ ಅದೇ ಬಳೆಯ ಮೇಲೆ ಬೆರಳಾಡಿಸುತ್ತಾ ಅಂದರು: "ಇಷ್ಟೇ ಕೆಲಸ. ಅವಳು ಎಷ್ಟು ನಿಧಾನ ಎಣಿಸಿದ್ರೂ ಚಿತ್ರ ಚೆನ್ನಾಗೇ ಬರ್ತಿತ್ತು. ಅವಳಿಗೆ ಬೇಕಾದಷ್ಟು ಹೊತ್ತು ಕೊಡಬಹುದಿತ್ತು. ಒಂದು ಸಲ ಅವಳ ಕಡೆ ತಿರುಗಿ ನೋಡಿದ್ದಿದ್ರೆ."

ಒಂದು ಕೈಯಲ್ಲಿ ತಂತಿ ಹಿಡಿದರು. ಕೊಡೆ ನಾನು ಹಿಡಿದೆ. ಭಾವ ಎಣಿಸಿದರು.

ಅದು ಅಕ್ಕನ ಎಣಿಕೆ. ಒಂದು ಎಂದು, ಎದೆ ತುಂಬ ಉಸಿರು ಎಳೆದುಕೊಂಡು, ಎರಡು. ಮತ್ತೆ ಉಸಿರು. ಮೂರು. ದನಿ ಗಂಡಸಿನದು, ಅಂತರ ಅವಳದು. ಅಡಿಪಟ್ಟಿಯ ಏಟಿನಷ್ಟೇ ಸಮ, ಎರಡು ಏಟುಗಳ ನಡುವೆ ಒಂದು ಗುಡ್ಡ ಹತ್ತಿ ಇಳಿದಷ್ಟು ದೂರ. ತಾವು ಕೇಳಿಸಿಕೊಳ್ಳಲೇ ಇಲ್ಲ ಎಂದುಕೊಂಡಿದ್ದನ್ನೆಲ್ಲ ಅವರ ಕಿವಿ ಎಲ್ಲೋ ಕಾಪಾಡಿಕೊಂಡು ಬಂದಿತ್ತು. ಏಳಾದ ಮೇಲೆ ಸಣ್ಣದಾಗಿ ಕೆಮ್ಮಿದರು. ಅದೂ ಅವಳದೇ. ಹತ್ತು ಬಂದಾಗ ನನಗೆ ನೀರು ಸರಿಯಾಗಿ ಕಾಣುತ್ತಿರಲಿಲ್ಲ.

ಆ ಸ್ಲೈಡು ಚೆನ್ನಾಗಿ ಬಂತು. ನನ್ನ ಜೇಬಿನಲ್ಲಿರುವುದಕ್ಕೂ ಅದಕ್ಕೂ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಂಡೆ ಅದೇ, ಹಾಲು ಅದೇ. ಭಾವ ಅದನ್ನು ಯಾರಿಗೂ ತೋರಿಸಲಿಲ್ಲ. ಕ್ಯಾಮೆರಾವನ್ನು, ಹೇಳಿದ ಹಾಗೇ, ಮುಚ್ಚಿಟ್ಟರು. ಅಂಗಡಿ ಮತ್ತೆ ತೆರೆದಿದೆ. ಗಿರಾಕಿಗಳು ಈಗ ಗೊಣಗುತ್ತಾರೆ, ಮುದುಕ ಒಂದೇ ಗಾಜು ಹಾಕಿ ಗಂಟೆಗಟ್ಟಲೆ ಮುಖ ನೋಡ್ತಾ ಕೂರ್ತಾನೆ, ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ ಅಂತ ಕೇಳ್ತಾನೆ, ಕಣ್ಣಿಗೂ ಮೆಟ್ಟಿಲಿಗೂ ಏನು ಸಂಬಂಧ, ಎಂದು.

ಆದರೆ ನನಗೆ ಹೇಳಬೇಕಾಗಿದ್ದುದು ಅವತ್ತು ಇಳಿಯುವಾಗಿನ ಮಾತು. ದಾರಿಯ ತಿರುವಿನಲ್ಲಿ ನನಗೆ ಅಳು ಬಂತು. ಭಾವನ ಎದುರು ಅಳಬಾರದೆಂದು ನಿಂತುಬಿಟ್ಟೆ.

"ನೀವು ಮುಂದೆ ಹೋಗ್ತಿರಿ ಭಾವ. ಶೂ ಲೇಸು ಬಿಚ್ಕೊಂಡಿದೆ. ಕಟ್ಕೊಂಡು ಬರ್ತೀನಿ."

ಭಾವ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದವರು ನಿಂತರು. ಹಿಂದಿರುಗಿ ನೋಡಿದರು. ಮುಕ್ಕಾಲಿಯನ್ನು ಹೆಗಲಿನಿಂದ ಇಳಿಸಿ, ಮತ್ತೆ ಹತ್ತಿ ಬಂದು, ನನ್ನ ಪಕ್ಕದ ಕಲ್ಲಿನ ಮೇಲೆ ಕೂತು ನನ್ನ ಕಾಲಿನ ಕಡೆ ನೋಡಿದರು. ನಾನು ಹಾಕಿಕೊಂಡಿದ್ದುದು ಲೇಸೇ ಇಲ್ಲದ ಶೂ.

"ಕಟ್ಕೋ," ಎಂದರು ಭಾವ. "ಅವಸರ ಏನೂ ಇಲ್ಲ. ನಾನು ಇಲ್ಲೇ ಇರ್ತೀನಿ."